ಅಜ್ಜಿಯನ್ನು ಕಿಟಕಿ ಹತ್ತಿರ ಇಡಿ

ರಜೆಯ ದಿನ ಮಕ್ಕಳು ಸದ್ದು ಮಾಡದೆ ಇದ್ದಾರೆ ಅಂದರೆ ಮನೆಯಲ್ಲಿ ಏನೋ ಹಾಳಾಗುತ್ತಿದೆ ಅಂತಲೇ ಅರ್ಥ. ಗೊತ್ತಿದ್ದೂ ನಾನು ಒಂದು ಗಂಟೆ ಆರಾಮಾಗಿ ಪೇಪರ್ ಓದಿದೆ. ತಪ್ಪು ನನ್ನದೇ.

ಎದ್ದು ನೋಡಿದರೆ ನನ್ನ ಮನಿ ಪ್ಲಾಂಟ್ ಬೋಳಾಗಿತ್ತು. 3 ವರ್ಷ ದಾರ ಕಟ್ಟಿ ಬಾಗಿಲ ತನಕ ಹಬ್ಬಿಸಿದ್ದ ಬಳ್ಳಿ ಅದು. "ಎಲ್ಲರಿಗೂ ಗಿಡ ಗಿಫ್ಟ್ ಕೊಡ್ತೀವಿ" ಎಂದಳು ಮಗಳು. ಮೇಜಿನ ಮೇಲೆ 11 ಬಾಟಲಿ. ಒಂದೊಂದರಲ್ಲೂ ಒಂದೊಂದು ಎಲೆ. ಬರೀ ಎಲೆ.

ಮನಿ ಪ್ಲಾಂಟ್ ಚಿಗುರುವುದು ಗೆಣ್ಣಿನಿಂದ. ಎಲೆಯೊಂದನ್ನೇ ನೀರಿಗಿಟ್ಟರೆ ಬೇರು ಬಂದರೂ ಬರಬಹುದು, ಬಳ್ಳಿಯಂತೂ ಬರೋದಿಲ್ಲ. "ಗೆಣ್ಣೆಲ್ಲ ಎಲ್ಲಿ?" ಎಂದೆ.

"ನೋಡೋಕೆ ಚೆನ್ನಾಗಿರಲಿಲ್ಲ, ಬಿಸಾಕಿದ್ವಿ" ಎಂದ ಮಗ.

ಕಸದ ಬುಟ್ಟಿಗೆ ಕೈ ಹಾಕಿ, ಗೆಣ್ಣಿದ್ದ ತುಂಡುಗಳನ್ನು ಹೆಕ್ಕಿ ನೀರಿಗಿಟ್ಟೆವು. ಬೇರು ಬರಲು ಎರಡು ವಾರವಾದರೂ ಬೇಕು. ಮಗನಿಗೆ ಎರಡು ನಿಮಿಷವೇ ಜಾಸ್ತಿ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಂದೊಂದನ್ನೂ ಮೇಲೆತ್ತಿ, ಬುಡ ನೋಡಿ, "ಇನ್ನೂ ಇಲ್ಲ" ಎಂದು ವಾಪಸ್ ಚುಚ್ಚುತ್ತಿದ್ದ. ಇಷ್ಟು ತಪಾಸಣೆ ನಡೆದರೆ ನಾನಾಗಿದ್ದರೂ ಬೇರು ಬಿಡುತ್ತಿರಲಿಲ್ಲ. ಅಂತೂ 4 ತುಂಡು ದೊಡ್ಡ ಮನಸ್ಸು ಮಾಡಿದವು.

ಇನ್ನು ಕಾರ್ಡು. ಗೋಂದು ಕಾರ್ಡಿಗಿಂತ ಮೇಜಿಗೇ ಜಾಸ್ತಿ ಅಂಟಿತು. ಒಂದು ಕಾರ್ಡ್ ಈಗಲೂ ಮೇಜಿನ ಮೇಲೇ ಇದೆ, ಕೀಳೋಕೆ ಬರ್ತಿಲ್ಲ.

ಅಜ್ಜಿಯ ಕಾರ್ಡಿಗೆ ಮಗಳು ಜಾಸ್ತಿ ಶ್ರದ್ಧೆ ವಹಿಸಿದ್ದಳು. ಮೇಲೆ "ಪ್ರೀತಿಯ ಅಜ್ಜಿ". ಅದರ ಕೆಳಗೆ "ಗಿಡ ನೋಡಿಕೊಳ್ಳುವುದು ಹೇಗೆ" ಎಂದು ಬರೆದು, ಆಮೇಲೆ ಸರಿಯಾಗಿ ಆ ಸಾಲಿನ ಮೇಲೇ ಒಂದು ಕಾಗದದ ಹೂವು ಅಂಟಿಸಿದ್ದಳು. ಉಳಿದಿದ್ದು ಇಷ್ಟು:

"ಪ್ರೀತಿಯ ಅಜ್ಜಿ. ಕಿಟಕಿ ಹತ್ತಿರ ಇಡಿ. ನೇರ ಬಿಸಿಲು ಬೇಡ. ವಾರಕ್ಕೊಂದು ಸಲ ನೀರು ಬದಲಿಸಿ. ಹಳದಿಯಾದರೆ ಕತ್ತರಿಸಿ ಬಿಸಾಕಿ."

ನಾನು ಗಮನಿಸುವಷ್ಟರಲ್ಲಿ ಕಾರ್ಡು ಅಜ್ಜಿಯ ಕೈ ಸೇರಿತ್ತು.

ಕಳೆದ ವಾರ ಅಜ್ಜಿ ಮನೆಗೆ ಹೋದೆವು. ಬಾಟಲಿ ಟಿವಿ ಹಿಂದೆ ಕತ್ತಲಲ್ಲಿತ್ತು. ಅಜ್ಜಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಬಿಸಿಲು ಬೀಳದ ಹಾಗೆ ಪರದೆ ಎಳೆದುಕೊಂಡು ಕೂತಿದ್ದರು. "ಕಾರ್ಡಲ್ಲಿ ಹಾಗೇ ಬರೆದಿದೆಯಲ್ಲಪ್ಪಾ" ಎಂದರು, ಮುಖದಲ್ಲಿ ಚೂರೂ ನಗು ತೋರಿಸದೆ.

ಮಗ ಸೀದಾ ಹೋಗಿ ಅಜ್ಜಿಯ ಕಾಲೆತ್ತಿ ಅಡಿ ನೋಡಿದ.

"ಇನ್ನೂ ಇಲ್ಲ."