ಒಂದು ಪಿಪೆಟ್ಟೂ ಒಡೆಯದ ಲ್ಯಾಬ್

ನಿನ್ನೆ ರಾತ್ರಿಯಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಬರೆದು ಮುಗಿಸದೆ ಸಮಾಧಾನ ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ತಮ್ಮನ ಮನೆಗೆ ಹೋಗಿದ್ದೆ. ಅವನ ಮಗಳು ಸೆಕೆಂಡ್ ಪಿಯು, ಪಿಸಿಎಂಬಿ. ನಮ್ಮ ದಾವಣಗೆರೆಯದೇ ಒಂದು ಇಂಟಿಗ್ರೇಟೆಡ್ ಕಾಲೇಜು (ಪಿಯು ಪಾಠದ ಜೊತೆಗೇ ನೀಟ್, ಸಿಇಟಿ ಕೋಚಿಂಗ್ ಕೊಡುವಂಥದ್ದು), ಡೇ ಸ್ಕಾಲರ್. (ಯಾವ ಕಾಲೇಜು ಅಂತ ಕಮೆಂಟಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಇದು ಒಂದೇ ಕಾಲೇಜಿನ ಕಥೆಯೂ ಅಲ್ಲ.) ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆ. ಹುಡುಗಿ ಹಾಲಿನಲ್ಲಿ ಕೂತು ಕೆಮಿಸ್ಟ್ರಿ ರೆಕಾರ್ಡ್ ಬರೆಯುತ್ತಿದ್ದಳು. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟು, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂದ ಫೋಟೊ ನೋಡಿಕೊಂಡು ಟೈಟ್ರೇಷನ್ ಟೇಬಲ್ ತುಂಬುತ್ತಿದ್ದಳು. ಟೈಟ್ರೇಷನ್ ಅಂದರೆ ಬ್ಯೂರೆಟ್ ಅನ್ನುವ ಅಳತೆಯ ಗಾಜಿನ ಕೊಳವೆಯಿಂದ ಒಂದು ದ್ರಾವಣವನ್ನು ಹನಿಹನಿಯಾಗಿ ಫ್ಲಾಸ್ಕಿಗೆ ಬಿಟ್ಟು, ಬಣ್ಣ ಬದಲಾಗುವ ಘಟ್ಟಕ್ಕೆ (ಅದೇ ಎಂಡ್ ಪಾಯಿಂಟ್) ಎಷ್ಟು ಖರ್ಚಾಯಿತು ಅಂತ ನೋಡುವುದು. ಇನಿಷಿಯಲ್ ರೀಡಿಂಗ್ 0, ಫೈನಲ್ 9.8. ಮುಂದಿನ ಸಾಲು 0, 9.8. ಮೂರನೆಯದೂ ಅದೇ. ಪುಟದ ಮೇಲೆ ಹಾಕಿದ ತಾರೀಕು ಜುಲೈ ತಿಂಗಳದ್ದು. ಇಡೀ ಸೆಕ್ಷನ್ನಿಗೆ ಅದೇ 9.8, ಅದೇ ತಾರೀಕು.

"ದೊಡ್ಡಪ್ಪ, ಪರ್ಮ್ಯಾಂಗನೇಟ್ ಟೈಟ್ರೇಷನ್ನಿಗೆ ಎಂಡ್ ಪಾಯಿಂಟ್ ಕಲರ್‌ಲೆಸ್ ಟು ಪಿಂಕಾ, ಪಿಂಕ್ ಟು ಕಲರ್‌ಲೆಸ್ಸಾ? ಯಾವಾಗಲೂ ಕನ್‌ಫ್ಯೂಸ್ ಆಗುತ್ತೆ" ಅಂದಳು.

"ನೀನು ಮಾಡಿದಾಗ ಏನು ಕಾಣ್ತಮ್ಮಾ?" ಅಂತ ಕೇಳಿದೆ.

"ನಾವು ಮಾಡಿಲ್ಲ. ಸರ್ ಬೋರ್ಡ್ ಮೇಲೆ ಹೇಳಿಕೊಟ್ಟಿದಾರೆ. ಪರೀಕ್ಷೆಗೆ ಎರಡು ದಿನ ಮುಂಚೆ ಲ್ಯಾಬಿಗೆ ಕರ್ಕೊಂಡು ಹೋಗ್ತಾರಂತೆ."

ನಾನು ಏನು ಕೆಲಸ ಮಾಡಿಕೊಂಡು ಬಂದವನು ಅಂತ ನಿಮಗೆಲ್ಲ ಗೊತ್ತು. ಸರ್ಕಾರಿ ಪಿಯು ಕಾಲೇಜುಗಳಲ್ಲಿ ಕೆಮಿಸ್ಟ್ರಿ ಹೇಳಿಕೊಂಡೇ ತಲೆ ನರೆತಿದೆ. ಈ ಮಾತು ಕೇಳಿ ನನಗೆ ಹೇಗಾಗಿರಬೇಕು!

ಹುಡುಗಿ ದಡ್ಡಿಯಲ್ಲ, ಅದನ್ನು ಮೊದಲು ಹೇಳುತ್ತೇನೆ. ಪರ್ಮ್ಯಾಂಗನೇಟಿಗೂ ಮೋಹರ್ಸ್ ಸಾಲ್ಟಿಗೂ (ಕಬ್ಬಿಣದ ಒಂದು ಲವಣ) 1:5ರ ಪ್ರಮಾಣ ಅಂತ ಕೇಳುವ ಮುಂಚೆಯೇ ಹೇಳಿದಳು. ಮೊಲಾರಿಟಿ ಲೆಕ್ಕವನ್ನು ನನಗಿಂತ ಬೇಗ ಮಾಡಿದಳು. ಆದರೆ ಬ್ಯೂರೆಟ್ಟಿನಲ್ಲಿ ಪರ್ಮ್ಯಾಂಗನೇಟ್ ಇದ್ದಾಗ ಮೆನಿಸ್ಕಸ್ಸಿನ (ದ್ರಾವಣದ ಬಾಗಿದ ಮೇಲ್ಮೈಯ) ಮೇಲಂಚನ್ನು ಯಾಕೆ ಓದಬೇಕು ಅಂದರೆ ಗೊತ್ತಿಲ್ಲ. ಕಡು ನೇರಳೆ ದ್ರಾವಣದಲ್ಲಿ ಕೆಳಗಿನ ಅಂಚು ಕಾಣುವುದೇ ಇಲ್ಲ. ಒಂದೇ ಒಂದು ಸಲ ಕಣ್ಣೆದುರು ಹಿಡಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ದ್ರಾವಣ ಅಳೆದು ತೆಗೆಯುವ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಹನಿಯನ್ನು ಊದಬಾರದು ಅಂತ ಗೊತ್ತಿಲ್ಲ. ಆಕ್ಸಾಲಿಕ್ ಆಸಿಡ್ ಆದರೆ ಬಿಸಿ ಮಾಡಬೇಕು ಅನ್ನುವುದು ಬಾಯಿಪಾಠ ಇದೆ, ಬಿಸಿ ಮಾಡದಿದ್ದರೆ ಏನಾಗುತ್ತದೆ ಅಂತ ನೋಡಿಲ್ಲ. ನೈಟ್ರೇಟ್ ಗುರುತಿಸುವ ಬ್ರೌನ್ ರಿಂಗ್ ಟೆಸ್ಟಿನ ಸಮೀಕರಣ ಬರುತ್ತದೆ, ಆ ಕಂದು ಉಂಗುರ ಪ್ರನಾಳದಲ್ಲಿ ಮೂಡಿ ನಿಲ್ಲುವುದನ್ನು ನೋಡಿಲ್ಲ. ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಅಂತ ಬರೆದಿದ್ದಾಳೆ, ಮೂಗಿಗೆ ಅದು ಬಂದೇ ಇಲ್ಲ.

ಬೆಳಿಗ್ಗೆ ಏಳಕ್ಕೆ ಕಾಲೇಜು ಬಸ್ಸು. ಮನೆಗೆ ಬರುವಷ್ಟರಲ್ಲಿ ರಾತ್ರಿ ಏಳೂವರೆ. ಭಾನುವಾರ ಟೆಸ್ಟು. ಇಷ್ಟು ಹೊತ್ತು ಮಗುವನ್ನು ತಮ್ಮ ಹತ್ತಿರ ಇಟ್ಟುಕೊಂಡವರಿಗೆ ವಾರದಲ್ಲಿ ಎರಡು ಗಂಟೆ ಲ್ಯಾಬಿನ ಬಾಗಿಲು ತೆಗೆಯಲು ಆಗುವುದಿಲ್ಲವೇ? ನಮ್ಮಲ್ಲಿ ಎರಡು ಪೀರಿಯಡ್ ಜೋಡಿಸಿ, ಬ್ಯಾಚ್ ಮಾಡಿ, ಇದ್ದ ನಾಲ್ಕು ಬರ್ನರಿನಲ್ಲೇ ಸುಧಾರಿಸುತ್ತಿದ್ದೆವು. ಇವರ ಹತ್ತಿರ ಎಲ್ಲ ಇದೆ. ಅಡ್ಮಿಷನ್ ಸಮಯದಲ್ಲಿ ನಾನೂ ತಮ್ಮನ ಜೊತೆ ಹೋಗಿದ್ದೆ. ಲ್ಯಾಬನ್ನು ಗಾಜಿನ ಬಾಗಿಲಿನಾಚೆಯಿಂದ ತೋರಿಸಿದರು. ಹೊಸ ಗ್ರಾನೈಟ್ ಕಟ್ಟೆ, ಸಾಲಾಗಿ ಸ್ಟ್ಯಾಂಡುಗಳು, ಒಂದು ಕಲೆ ಇಲ್ಲ. ಕೆಮಿಸ್ಟ್ರಿ ಲ್ಯಾಬಿನ ಕಟ್ಟೆ ಅಷ್ಟು ಸ್ವಚ್ಛ ಇರುವುದಿಲ್ಲ. ಸಿಲ್ವರ್ ನೈಟ್ರೇಟ್ ಬಿದ್ದ ಕಪ್ಪು, ಪರ್ಮ್ಯಾಂಗನೇಟ್ ಚೆಲ್ಲಿದ ಕಂದು ಎಲ್ಲಾದರೂ ಇದ್ದೇ ಇರುತ್ತದೆ.

ತಮ್ಮ ಸಿಟ್ಟಾದ. "ಅಣ್ಣಾ, ನಿಂದು ಹಳೇ ಕಾಲ. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಬ್ಯೂರೆಟ್ ಹಿಡ್ಕೊಂಡು ಕೂತ್ರೆ ಸೀಟು ಯಾರು ಕೊಡ್ತಾರೆ?"

ಈ ಮಾತನ್ನು ನಮ್ಮೂರಿನ ಪ್ರತಿ ತಂದೆಯ ಬಾಯಲ್ಲೂ ಕೇಳಿದ್ದೇನೆ. ಮೆಕ್ಕೆಜೋಳ ಮಾರಿದ ದುಡ್ಡು ತಂದು ಫೀಸು ಕಟ್ಟುವ ಜಗಳೂರಿನ ರೈತನೂ ಇದನ್ನೇ ಹೇಳುತ್ತಾನೆ, ಯಾಕೆಂದರೆ ಕಾಲೇಜಿನವರು ಅವನಿಗೆ ಇದನ್ನೇ ಹೇಳಿಕೊಟ್ಟಿದ್ದಾರೆ. ಅದಕ್ಕೆ ನನ್ನ ಉತ್ತರ ಇದು. 2024ರಿಂದ ನೀಟ್ ಸಿಲಬಸ್ಸಿನಲ್ಲೇ ಪ್ರಾಕ್ಟಿಕಲ್ ಕೆಮಿಸ್ಟ್ರಿಯ ತತ್ವಗಳು ಅಂತ ಒಂದು ಪೂರ್ತಿ ಘಟಕ ಇದೆ: ಟೈಟ್ರೇಷನ್, ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣದಲ್ಲಿ ಏನಿದೆ ಅಂತ ಪತ್ತೆ ಮಾಡುವುದು) ಎಲ್ಲ ಅದರಲ್ಲಿವೆ. ಫಿಸಿಕ್ಸಿನಲ್ಲಿ ಎಕ್ಸ್‌ಪೆರಿಮೆಂಟಲ್ ಸ್ಕಿಲ್ಸ್ ಅಂತ ಇನ್ನೊಂದು ಘಟಕ. ವರ್ನಿಯರ್, ಸ್ಕ್ರೂಗೇಜ್, ಮೀಟರ್ ಬ್ರಿಜ್ ಅನ್ನುವ ಅಳತೆಯ ಉಪಕರಣಗಳು. ಜೆಇಇ ಮೇನ್ ಸಿಲಬಸ್ಸಿನಲ್ಲೂ ಇವೆರಡೂ ಇವೆ. ಪರೀಕ್ಷೆ ನಡೆಸುವವರೇ ಲ್ಯಾಬು ಬೇಕು ಅಂತಿದ್ದಾರೆ! ಇವರು ಅದಕ್ಕೂ ಒಂದು ಮಾಡ್ಯೂಲ್ ಪ್ರಿಂಟ್ ಹಾಕಿಸಿ, ವರ್ನಿಯರನ್ನು ಕೈಯಲ್ಲಿ ಹಿಡಿಯದ ಮಕ್ಕಳ ಹತ್ತಿರ ಝೀರೋ ಎರರ್ ಲೆಕ್ಕ ಮಾಡಿಸುತ್ತಾರೆ.

ಇನ್ನು ಸಿಇಟಿ. ಇಂಜಿನಿಯರಿಂಗ್ ರ್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯು ಅಂಕ. ಆ ಪಿಯು ಅಂಕದಲ್ಲಿ ಕೆಮಿಸ್ಟ್ರಿಯ 100ಕ್ಕೆ 30 ಪ್ರಾಕ್ಟಿಕಲ್ಲಿನದು. ಫಿಸಿಕ್ಸಿಗೂ ಹಾಗೇ. ಅಂದರೆ ಬ್ಯೂರೆಟ್ ಮುಟ್ಟದ ಕೈಗೆ ಬಿದ್ದ ಅಂಕ ರ್ಯಾಂಕ್ ಪಟ್ಟಿಗೆ ಹೋಗಿ ಕೂರುತ್ತದೆ. ಹೊನ್ನಾಳಿಯ ಸರ್ಕಾರಿ ಕಾಲೇಜಿನಲ್ಲಿ ವರ್ಷವೆಲ್ಲ ಲ್ಯಾಬ್ ಮಾಡಿ, ಪರೀಕ್ಷೆಯ ದಿನ ಕೈ ನಡುಗಿ ಒಂದು ಸಾಲ್ಟ್ ತಪ್ಪಿ, ಎರಡು ಅಂಕ ಕಳೆದುಕೊಂಡ ಹುಡುಗ ಆ ಪಟ್ಟಿಯಲ್ಲಿ ಕೆಳಗೆ ಹೋಗುತ್ತಾನೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಆಗುವುದು ಅಲ್ಲಿ. ಅಂಥ ಹುಡುಗರನ್ನು ನಾನು ಕೈಯಾರೆ ತಯಾರು ಮಾಡಿದವನು.

"ಸರ್ಕಾರಿ ಕಾಲೇಜುಗಳ ಲ್ಯಾಬು ಏನು ಚೆನ್ನಾಗಿದೆಯಾ ಸಾರ್?" ಅಂತ ಕೇಳುವವರು ಇರುತ್ತಾರೆ. ಇಲ್ಲ, ಎಷ್ಟೋ ಕಡೆ ಚೆನ್ನಾಗಿಲ್ಲ. ಅಟೆಂಡರ್ ಇರುವುದಿಲ್ಲ, ಗ್ಯಾಸ್ ಮುಗಿದರೆ ತಿಂಗಳು ಕಾಯಬೇಕು, ಸಿಂಕಿನಲ್ಲಿ ನೀರು ಬರುವುದಿಲ್ಲ. ಅದಕ್ಕಾಗಿ ಸರ್ಕಾರವನ್ನೂ ಬೇಕಾದಷ್ಟು ಬೈದಿದ್ದೇನೆ, ನನ್ನ ಹಳೇ ಪೋಸ್ಟುಗಳನ್ನು ನೋಡಿ. ಆದರೆ ಇಲ್ಲದವರು ಮಾಡದಿರುವುದಕ್ಕೂ, ಎಲ್ಲ ಇಟ್ಟುಕೊಂಡು ಬೀಗ ಹಾಕುವುದಕ್ಕೂ ವ್ಯತ್ಯಾಸ ಇದೆ.

2024ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ ನಡೆಯುವ ಹೊತ್ತಿನಲ್ಲಿ ಕೋಚಿಂಗ್ ಮಾಡಬಾರದು ಅನ್ನುವುದು ಅದರಲ್ಲಿದೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಕೋಚಿಂಗೇ ಕಾಲೇಜಿನೊಳಗೆ ಬಂದು ಕೂತಿದೆಯಲ್ಲ? ಒಂದೇ ಕಟ್ಟಡ, ಒಂದೇ ಯೂನಿಫಾರ್ಮ್, ಒಂದೇ ಟೈಮ್‌ಟೇಬಲ್. ಆ ಟೈಮ್‌ಟೇಬಲಿನಲ್ಲಿ ಮೊದಲು ಕತ್ತರಿ ಬೀಳುವುದು ಲ್ಯಾಬಿಗೆ. ಟೈಮ್‌ಟೇಬಲಿನ ಕಾಗದದಲ್ಲಿ 'ಲ್ಯಾಬ್' ಅಂತ ಇರುತ್ತದೆ, ಆ ಹೊತ್ತಿಗೆ ಮಕ್ಕಳು ಒಎಂಆರ್ ಶೀಟು ತುಂಬುತ್ತಿರುತ್ತಾರೆ.

ನಮ್ಮೂರು ಕಾಟನ್ ಮಿಲ್ಲುಗಳ ಊರಾಗಿತ್ತು. ಮಿಲ್ಲುಗಳು ಮುಚ್ಚಿದ ಮೇಲೆ ಊರಿಗೆ ಅನ್ನ ಹಾಕಿದ್ದು ವಿದ್ಯೆ. 1951ರ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್, 1979ರ ಬಿಐಇಟಿ ಇಂಜಿನಿಯರಿಂಗ್ ಕಾಲೇಜು. ಕೈಯಿಂದ ಮಾಡಿ ಕಲಿಯುವ ವಿದ್ಯೆಗಳಿಗೇ ಈ ಊರು ಹೆಸರಾದದ್ದು. ನಮ್ಮಪ್ಪ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಪಿಯುಸಿಯಲ್ಲಿ ನನಗೆ ಇಂಗ್ಲಿಷ್ ಪಾಠ ಅರ್ಥವಾಗದೆ, ಕಾಲೇಜು ಬಿಟ್ಟು ಅಪ್ಪನ ಜೊತೆ ಮಿಲ್ಲಿಗೇ ಹೋಗಿಬಿಡೋಣ ಅಂತ ತೀರ್ಮಾನ ಮಾಡಿದ್ದೆ. ನನ್ನನ್ನು ಉಳಿಸಿದ್ದು ಟೈಟ್ರೇಷನ್. ಫ್ಲಾಸ್ಕು ಆಡಿಸುತ್ತಾ ಆಡಿಸುತ್ತಾ ಒಂದು ಹನಿಗೆ ತೆಳು ಗುಲಾಬಿ ಬಂದು ನಿಂತಾಗ, ನನ್ನ ಲೆಕ್ಕವೂ ಬಾಟಲಿಯ ಮೇಲಿನ ಲೆಕ್ಕವೂ ಒಂದೇ ಬಂದಾಗ, ಇಂಗ್ಲಿಷ್ ಬರದ ಹುಡುಗನೂ ಸರಿ ಇರಬಹುದು ಅಂತ ಮೊದಲ ಸಲ ಅನ್ನಿಸಿತು. ಹಿಂದಿನ ಬೆಂಚಿನ ಎಷ್ಟೋ ಮಕ್ಕಳಿಗೆ ಲ್ಯಾಬೇ ಹೀಗೆ ಬಾಗಿಲು ತೆಗೆಯುವುದನ್ನು ಆಮೇಲೆ ಮೇಷ್ಟರಾಗಿ ನೋಡಿದೆ.

ಒಂದು ವರ್ಷ ಜಗಳೂರು ಕಡೆಯ ಮಕ್ಕಳಿಗೆ ತಮ್ಮ ತಮ್ಮ ಊರಿನ ಬೋರ್‌ವೆಲ್ ನೀರು ತರಲು ಹೇಳಿದ್ದೆ. ಸಿಲಬಸ್ಸಿನಲ್ಲಿ ಇರಲಿಲ್ಲ. ಇಡಿಟಿಎ ಅನ್ನುವ ರಾಸಾಯನಿಕ ಹಾಕಿ ನೀರಿನ ಗಡಸುತನ ನೋಡುವ ಪ್ರಯೋಗ. ಗಡಸು ಹೆಚ್ಚಿದ್ದಷ್ಟೂ ಇಡಿಟಿಎ ಹೆಚ್ಚು ಬೇಕು. ಎಂಡ್ ಪಾಯಿಂಟಿನಲ್ಲಿ ವೈನಿನಂಥ ಕೆಂಪು ಬಣ್ಣ ನೀಲಿಗೆ ತಿರುಗುತ್ತದೆ. ಒಬ್ಬ ಹುಡುಗಿಯ ಮನೆಯ ನೀರಿಗೆ ಬ್ಯೂರೆಟ್ ಖಾಲಿ ಆಗುತ್ತಾ ಬಂದರೂ ನೀಲಿ ಬರಲಿಲ್ಲ. ಅವಳು ಬ್ಯೂರೆಟ್ ನೋಡಿದಳು, ನನ್ನ ಮುಖ ನೋಡಿದಳು. "ಸಾರ್, ಇದಕ್ಕೇ ನಮ್ಮವ್ವ ಬೇಳೆ ಬೇಯಲ್ಲ ಅಂತ ಬೈಕಂತಿರೋದು!" ಅಂದಳು. ಇಡೀ ಲ್ಯಾಬು ಅವಳ ಸುತ್ತ ಸೇರಿತು. ಯಾವ ಮಾಡ್ಯೂಲಿನಲ್ಲಿ ಇದು ಸಿಗುತ್ತದೆ ಹೇಳಿ.

ಪೇರೆಂಟ್ಸ್ ಮೀಟಿಂಗಿನಲ್ಲಿ ಈ ವಿಷಯ ಎತ್ತುತ್ತೇನೆ ಅಂದೆ. ತಮ್ಮ ಕೈ ಮುಗಿದ. "ಬೇಡ ಅಣ್ಣಾ, ಪ್ರಾಕ್ಟಿಕಲ್ ಮಾರ್ಕ್ಸ್ ಅವರ ಕೈಯಲ್ಲಿದೆ." ದುಡ್ಡು ಕೊಟ್ಟವನೇ ಹೆದರಿಕೊಂಡು ಕೂರುವ ಸ್ಥಿತಿ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹೀಗೆ ಹೆದರಿಸಿ ಇಟ್ಟವರ ಮೇಲಿದೆ.

ಮುಂದಿನ ವರ್ಷಕ್ಕೆ ಅಡ್ಮಿಷನ್ ಮಾಡಿಸಲು ಓಡಾಡುತ್ತಿರುವವರಿಗೆ ಹೇಳುತ್ತೇನೆ. ಟಾಪರ್ಸ್ ಫ್ಲೆಕ್ಸು ನೋಡಿ, ಬೇಡ ಅನ್ನಲ್ಲ. ಆಮೇಲೆ ಲ್ಯಾಬಿನ ಒಳಗೆ ಹೋಗುತ್ತೇನೆ ಅನ್ನಿ, ಗಾಜಿನಾಚೆಯಿಂದ ಬೇಡ. ಬ್ಯೂರೆಟ್ಟಿನ ನಲ್ಲಿ ತಿರುಗಿಸಿ ನೋಡಿ. ಆಸಿಡ್ ಬಾಟಲಿಗಳ ಮೇಲೆ ಧೂಳಿದೆಯಾ ನೋಡಿ. ಈಗ ಅಲ್ಲಿ ಓದುತ್ತಿರುವ ಒಂದು ಮಗುವನ್ನು ಪಕ್ಕಕ್ಕೆ ಕರೆದು, ದಸರಾ ರಜೆಗೆ ಮುಂಚೆ ಎಷ್ಟು ಸಲ ಇಲ್ಲಿಗೆ ಬಂದಿದ್ದೆ ಅಂತ ಕೇಳಿ.

ಇಲಾಖೆಯಲ್ಲಿರುವ ನನ್ನ ಹಳೆಯ ಗೆಳೆಯರಿಗೂ ಒಂದು ಮಾತು. ಫೆಬ್ರವರಿಯಲ್ಲಿ ಹೋಗಬೇಡಿ, ಆಗ ಎಲ್ಲ ತೊಳೆದು ಇಟ್ಟಿರುತ್ತಾರೆ. ಸೆಪ್ಟೆಂಬರಿನಲ್ಲಿ ಹೇಳದೆ ಹೋಗಿ. ರೆಕಾರ್ಡ್ ಪುಸ್ತಕ ಕೇಳಬೇಡಿ, ಬ್ರೇಕೇಜ್ ರಿಜಿಸ್ಟರ್ ಕೇಳಿ. ನೂರಾರು ಮಕ್ಕಳು ನಿಜವಾಗಿ ಕೆಲಸ ಮಾಡುವ ಲ್ಯಾಬಿನಲ್ಲಿ ಪ್ರನಾಳ ಒಡೆಯುತ್ತದೆ, ಪಿಪೆಟ್ಟಿನ ಮೂತಿ ಮುರಿಯುತ್ತದೆ. ಅರ್ಧ ವರ್ಷ ಕಳೆದರೂ ಆ ರಿಜಿಸ್ಟರಿನಲ್ಲಿ ಒಂದು ಸಾಲೂ ಇಲ್ಲದಿದ್ದರೆ, ಅಲ್ಲೇ ಕೂತು ನೋಟಿಸ್ ಬರೆಯಿರಿ.