ಊರಿನ ಹಾಲಿನ ಡೇರಿ: ಕೈಗೆ ಬಂದ ದುಡ್ಡು, ಕೈಲಿ ಉಳಿದ ದುಡ್ಡು

ಪ್ರಶ್ನೆ: ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ ನಮ್ಮ ಹಳ್ಳಿಗಳ ಬದುಕು ನಿಜಕ್ಕೂ ಸುಧಾರಿಸಿದೆಯೇ?

ಪರ

ಕೋಲಾರದ ಕಡೆ ಹೋಗಿ ನೋಡಿ. ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೊಳವೆಬಾವಿ ಸಾವಿರ ಅಡಿ ಇಳಿದರೂ ನೀರು ಸಿಗುವ ಖಾತ್ರಿಯಿಲ್ಲ. ಟೊಮೆಟೊ ದರ ಬಿದ್ದರೆ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಅಂಥ ಊರಲ್ಲೂ ಹಾಲಿನ ಬಟವಾಡೆ ಬರುತ್ತಲೇ ಇರುತ್ತದೆ. ಅಂಗಡಿ ಸಾಲ, ಮಕ್ಕಳ ಫೀಸು, ಸ್ತ್ರೀಶಕ್ತಿ ಸಂಘದ ಕಂತು ಎಲ್ಲ ಅದರಲ್ಲೇ ಸಾಗುತ್ತದೆ.

ಸಂಜೆ ಡೇರಿ ಮುಂದಿನ ಸಾಲಲ್ಲಿ ತಂಬಿಗೆಯಲ್ಲಿ ಮುಕ್ಕಾಲು ಲೀಟರು ತಂದ ಅಜ್ಜಿ ಇರುತ್ತಾರೆ. ಹಿಂದೆಯೇ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಬಂದ ಹತ್ತು ಹಸುವಿನ ಯಜಮಾನರು. ಇಬ್ಬರ ಹಾಲಿಗೂ ಅದೇ ಡಿಗ್ರಿ (ಹಾಲಿನ ಗಟ್ಟಿತನ), ಅದೇ ಫ್ಯಾಟ್ (ಕೊಬ್ಬಿನಂಶ) ಪರೀಕ್ಷೆ. ಗುಣ ಒಂದೇ ಆದರೆ ದರವೂ ಒಂದೇ. ಮುಕ್ಕಾಲು ಲೀಟರಿಗೆ ಇಷ್ಟು ಮರ್ಯಾದೆ ಕೊಡುವ ವ್ಯಾಪಾರಿ ಎಲ್ಲಿದ್ದಾನೆ ಹೇಳಿ! ಹೋಟೆಲಿನವರಿಂದ ಮುಂಗಡ ತಗೊಂಡರೆ ಅವರು ಹೇಳಿದ ದರಕ್ಕೇ ಹಾಲು ಕೊಡಬೇಕು. ಆ ಹಂಗು ಡೇರಿಯಿಂದ ತಪ್ಪಿತು.

ಹಾಲು ಜಾಸ್ತಿಯಾದರೆ ಊರೂರಿನ ಸಂಘಗಳು ಸೇರಿದ ಒಕ್ಕೂಟ ಅದನ್ನು ಹಾಲಿನ ಪುಡಿ ಮಾಡುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು ಮುಚ್ಚಿದಾಗ ಮಿಕ್ಕ ಹಾಲನ್ನು ಸರ್ಕಾರವೇ ಕೊಂಡು ಬಡವರಿಗೆ ಪುಕ್ಕಟೆ ಹಂಚಿತು. ತರಕಾರಿ ಬೆಳೆದವರಿಗೆ ಆ ಭಾಗ್ಯ ಇತ್ತಾ?

ವಿರೋಧ

ಬಟವಾಡೆ ಬರುತ್ತೆ, ಒಪ್ಪೋಣ. ಉಳಿಯೋದೆಷ್ಟು? ಹಿಂಡಿ, ಬೂಸಾ, ಡಾಕ್ಟರ್ ಖರ್ಚು ಕಳೆಯಿರಿ. ಮನೆಯವರ ದುಡಿಮೆಗೆ ಕೂಲಿ ಹಾಕಿದರೆ ಎಷ್ಟೋ ಮನೆಗಳಲ್ಲಿ ಲೆಕ್ಕ ಸೊನ್ನೆಗೆ ಬರುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ತಳಿ) ಹಸುವಿಗೆ ಒಮ್ಮೆ ಕೆಚ್ಚಲು ಬಾವು ಬಂದರೆ ಸಾಕು, ತಿಂಗಳ ಲಾಭ ಮಾಯ. ಗೋಮಾಳ ಒತ್ತುವರಿಯಾದ ಊರಲ್ಲಿ ಜಮೀನಿಲ್ಲದವರು ಹುಲ್ಲನ್ನೂ ಕೊಂಡೇ ತರಬೇಕು.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಈ ವ್ಯವಸ್ಥೆಗೆ ಸದಸ್ಯರೇ ಮಾಲೀಕರಂತೆ. ಎಂಥ ಮಾಲೀಕರು ಸ್ವಾಮಿ! ಪ್ಯಾಕೆಟ್ ಹಾಲಿನ ದರ ಏರಿಸಲು ಸರ್ಕಾರ ಹೂಂ ಅನ್ನಬೇಕು. ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುವ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ. ಒಕ್ಕೂಟದ ಅಧ್ಯಕ್ಷರ ಕುರ್ಚಿಯಲ್ಲಿ ಶಾಸಕರು ಕೂರುವುದೂ ಹೊಸದಲ್ಲ. ಸುಮ್ನೆ ಹಾಲಿನ ಆಸೆಗೆ ಬರ್ತಾರಾ ಅವರು?

ನನಗೆ ಇದಕ್ಕಿಂತ ಜಾಸ್ತಿ ಚುಚ್ಚುವ ವಿಷಯ ಇನ್ನೊಂದಿದೆ. ಸಗಣಿ ಬಾಚೋದು, ಹುಲ್ಲು ಹೊರೋದು, ಹಾಲು ಕರೆಯೋದು ಮನೆಯ ಹೆಂಗಸು. ಪಾಸ್‌ಬುಕ್ ಮಾತ್ರ ಎಷ್ಟೋ ಕಡೆ ಗಂಡನ ಹೆಸರಲ್ಲಿ. ಮಹಿಳೆಯರೇ ನಡೆಸುವ ಹಾಲಿನ ಸಂಘಗಳೂ ನಮ್ಮಲ್ಲಿ ಇವೆ, ಚೆನ್ನಾಗಿಯೇ ನಡೆಯುತ್ತಿವೆ. ಹಾಗಿದ್ದಮೇಲೆ ಉಳಿದ ಕಡೆ ಏನಡ್ಡಿ?

ಡೇರಿ ಮುಚ್ಚಿ ಅಂತ ಹೇಳ್ತಿಲ್ಲ. ಹಾಲು ಕರೆಯುವವಳಿಗೇ ಸದಸ್ಯತ್ವ ಕೊಡಿ, ದುಡ್ಡು ಅವಳ ಖಾತೆಗೇ ಹೋಗಲಿ. ಹಿಂಡಿ ದರ ಏರಿದಾಗ ಹಾಲಿನ ದರವನ್ನೂ ಏರಿಸಿ, ಚುನಾವಣೆ ಬರಲಿ ಅಂತ ಕಾಯಬೇಡಿ.