ಐದು ಫೋಟೋ, ಒಂದು ಕಚೇರಿ

ಸಂಗೀತ ಟ್ರಸ್ಟಿಗೆ ಟ್ರಸ್ಟಿ ಆಗಬೇಕಾದರೆ ರಾಗಜ್ಞಾನ ಇರಬೇಕು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಇರಬೇಕಾದದ್ದು ಕಾರು. ತಂಬೂರಿ ಹಿಂದಿನ ಸೀಟಿನಲ್ಲಿ ಮಲಗುತ್ತೆ, ಜಮಖಾನ ಡಿಕ್ಕಿಯಲ್ಲಿ ಹಿಡಿಸುತ್ತೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ನಮ್ಮ ಅಧ್ಯಕ್ಷರು ನನ್ನ ಹೆಸರು ಸೂಚಿಸಿದ್ದು. ನಮ್ಮದು ದಕ್ಷಿಣ ಬೆಂಗಳೂರಿನ ಪುಟ್ಟ ಟ್ರಸ್ಟು. ಹಣ ಕಡಿಮೆ, ಅಭಿಪ್ರಾಯ ಜಾಸ್ತಿ.

ಸಂಗೀತ ಬಲ್ಲವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಒಬ್ಬರಿದ್ದಾರೆ, ಪಿಟೀಲು ಮೇಷ್ಟ್ರು. ಅವರು ಸಭೆ ಮುಗಿಯುವ ತನಕ ಕಣ್ಣು ಮುಚ್ಚಿಕೊಂಡಿರುತ್ತಾರೆ. ಧ್ಯಾನವೋ ನಿದ್ದೆಯೋ ಹೇಳುವುದು ಕಷ್ಟ. ಕಾಫಿ ಬಂದಾಗ ಮಾತ್ರ ಸಮಕ್ಕೆ ಸರಿಯಾಗಿ ಕಣ್ಣು ಬಿಡುತ್ತಾರೆ.

ಉಳಿದವರು ಮಾತಾಡುವುದು ದತ್ತಿ ಬಗ್ಗೆ. ತೊಂಬತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮರು ತಂದೆಯ ನೆನಪಿಗೆ 25,000 ರೂಪಾಯಿ ಇಟ್ಟು, ಬಡ್ಡಿಯಲ್ಲಿ ವರ್ಷಕ್ಕೊಂದು ಸಂಗೀತ ಕಚೇರಿ ಮಾಡಿಸಿ ಅಂದರು. ಆಗ ಬ್ಯಾಂಕು ಶೇ. 12 ಕೊಡುತ್ತಿತ್ತು. 3,000 ರೂಪಾಯಿ ಬರುತ್ತಿತ್ತು. ಹಾಡುವವರು, ಪಿಟೀಲು, ಮೃದಂಗ, ಎಲ್ಲರಿಗೂ ಹಂಚಿ, ಹಣ್ಣಿನ ಬುಟ್ಟಿಗೂ ಉಳಿಯುತ್ತಿತ್ತು. ಈಗ ಶೇ. ಆರೂವರೆ ಅಂತಿಟ್ಟುಕೊಳ್ಳಿ. 1,625 ರೂಪಾಯಿ. ಮೈಕಿನವನು ಆಟೋದಿಂದ ಇಳಿಯುವುದೇ ಇಲ್ಲ.

ಹಾಗಂತ ಕಚೇರಿ ನಿಲ್ಲಿಸೋಕಾಗುತ್ತಾ? ಕೊಟ್ಟ ಮಾತು. ಅದಕ್ಕೆ ನಮ್ಮ ಖಜಾಂಚಿಗಳು ದಾರಿ ಹುಡುಕಿದರು: ಐದು ದತ್ತಿ ಸೇರಿಸಿ ಒಂದೇ ಕಚೇರಿ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಐದು ಮನೆಯವರೂ ಬಂದರು. ಐದು ಫೋಟೋ ತಂದರು. ನಡುವೆ ಯಾರ ಫೋಟೋ ಇಡಬೇಕು ಅನ್ನುವುದೇ ಮೊದಲ ತಕರಾರು. ವಯಸ್ಸಿನ ಪ್ರಕಾರ ಅಂದರೊಬ್ಬರು. ಹುಟ್ಟಿದ್ದರ ಲೆಕ್ಕವೋ ತೀರಿಕೊಂಡಿದ್ದರ ಲೆಕ್ಕವೋ ಅಂತ ಇನ್ನೊಬ್ಬರು. ದತ್ತಿ ಇಟ್ಟ ಇಸವಿಯ ಪ್ರಕಾರ ಅಂತ ಕಾರ್ಯದರ್ಶಿಗಳು ರಸೀದಿ ಪುಸ್ತಕ ತೆಗೆದರು. ಅಷ್ಟರಲ್ಲಿ ದೊಡ್ಡ ಫ್ರೇಮಿನವರು ತಮ್ಮದನ್ನು ನಡುವೆ ಇಟ್ಟು ಊದುಬತ್ತಿ ಹಚ್ಚಿಯಾಗಿತ್ತು. ಹಚ್ಚಿದ ಊದುಬತ್ತಿಯ ಜೊತೆ ಯಾರು ವಾದ ಮಾಡುತ್ತಾರೆ?

ಆಮೇಲೆ ನಿರೂಪಣೆ. ಐವರ ಹೆಸರು, ಊರು, ಇಲಾಖೆ, ಯಾವ ಹುದ್ದೆಯಲ್ಲಿ ನಿವೃತ್ತಿ, ಮೊಮ್ಮಕ್ಕಳು ಯಾವ ದೇಶದಲ್ಲಿ. ಇದು ಕಚೇರಿ ಶುರುವಿಗೆ ಹಾಡುವ ವರ್ಣಕ್ಕಿಂತ ಉದ್ದವಾಯಿತು. ಶ್ರುತಿ ಮಾಡಿಕೊಂಡು ಕೂತಿದ್ದ ಪಿಟೀಲಿನವರು ಎರಡು ಸಲ ಮತ್ತೆ ಶ್ರುತಿ ಮಾಡಿಕೊಂಡರು. ನಾಲ್ಕನೆಯ ಹೆಸರು ಓದುವಾಗ ಮುಂದಿನ ಸಾಲಿನಲ್ಲಿ ಗುಜುಗುಜು. ಹಾರ ಹಾಕಿದ್ದ ನಾಲ್ಕನೆಯ ಫೋಟೋದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆಹ್ವಾನ ಪತ್ರಿಕೆಗೆ ಅಂತ ಅವರು ಕಳಿಸಿದ್ದ ತಮ್ಮ ಫೋಟೋವನ್ನು ಫ್ಲೆಕ್ಸಿನವನು ಶ್ರದ್ಧೆಯಿಂದ ದೊಡ್ಡದು ಮಾಡಿ ಕೊಟ್ಟಿದ್ದ. ಅಪ್ಪ ಮಗ ಅಚ್ಚು ಒಂದೇ ಥರ ಇದ್ದರೆ ಪಾಪ ಅವನೇನು ಮಾಡುತ್ತಾನೆ?

“ಇರಲಿ ಬಿಡಿ, ಹೇಗಿದ್ರೂ ಮುಂದಕ್ಕೆ ಬೇಕಾಗುತ್ತೆ” ಅಂದರು ಅವರು. ಅವರ ಹೆಂಡತಿ ಮಾತ್ರ ವೇದಿಕೆ ಹತ್ತಿ ಹಾರ ತೆಗೆದೇ ಕೂತರು. ಆವತ್ತು ಅತಿ ಜೋರಾದ ಚಪ್ಪಾಳೆ ಬಿದ್ದಿದ್ದು ಅವರಿಗೇ. ಮೃದಂಗದ ತನಿ ಆವರ್ತನಕ್ಕೆ ಯಾರಿದ್ದರು? ಎಲ್ಲರೂ ಉಪ್ಪಿಟ್ಟಿನ ಸಾಲಿನಲ್ಲಿದ್ದರು.

ಇನ್ನು ರಸೀದಿ ಕಥೆ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ದಾನಿಗೆ ಆದಾಯ ತೆರಿಗೆ ರಿಯಾಯಿತಿ ಸಿಗಲ್ಲ. ಅಜ್ಜಿಯೊಬ್ಬರು ಕವರಿನಲ್ಲಿ 5,001 ತಂದರು. ಚೆಕ್ ಕೊಡಿ ಅಂದರೆ, “ದೇವರ ಹುಂಡಿಗೂ ಚೆಕ್ ಹಾಕ್ತೀಯೇನಪ್ಪಾ?” ಅಂದರು. ಪ್ಯಾನ್ ನಂಬರ್ ಕೇಳಿದ್ದಕ್ಕೆ, “ದುಡ್ಡು ಕೊಡ್ತಿರೋದು ನಾನು, ವಿಚಾರಣೆ ಮಾಡ್ತಿರೋದು ನೀನು!” ಒಂದು ರೂಪಾಯಿ ನಾಣ್ಯ ಮಾತ್ರ ನನ್ನ ಕೈಯಲ್ಲಿಟ್ಟು ಕವರು ವಾಪಸ್ ಚೀಲಕ್ಕೆ ಹಾಕಿಕೊಂಡರು. ಅದಕ್ಕೂ ರಸೀದಿ ಹರಿಯಬೇಕು ಅಂದರು ಖಜಾಂಚಿಗಳು.

ಮಾರ್ಚ್ ಬಂತೆಂದರೆ ಉಲ್ಟಾ ಗೋಳು. ಟ್ರಸ್ಟಿನ ಆದಾಯದಲ್ಲಿ ಶೇ. 85ನ್ನು ಆ ವರ್ಷವೇ ಖರ್ಚು ಮಾಡಬೇಕು ಅಂತ ನಿಯಮ. ವರ್ಷವೆಲ್ಲ ಕಾಫಿಗೆ ಸಕ್ಕರೆ ಎಣಿಸಿದವರು ಆಗ ಕಲಾವಿದರಿಗೆ ಫೋನ್ ಮಾಡಿ, “ಸಾರ್, ಈ ತಿಂಗಳೇ ಹಾಡಿಬಿಡಿ, ದಯವಿಟ್ಟು” ಅನ್ನುತ್ತೇವೆ. ಮಕ್ಕಳಿಗೆ ಪರೀಕ್ಷೆ. ಅವರ ಅಪ್ಪ ಅಮ್ಮಂದಿರಿಗೆ ಇನ್ನೂ ದೊಡ್ಡ ಪರೀಕ್ಷೆ. ಸಭಾಂಗಣದಲ್ಲಿ ಟ್ರಸ್ಟಿಗಳು ಮತ್ತು ಫ್ಯಾನು. ಏಪ್ರಿಲ್‌ಗೆ ತಳ್ಳೋಣವೆಂದರೆ ಲೆಕ್ಕದ ವರ್ಷ ಮುಗಿದಿರುತ್ತೆ, ಜೊತೆಗೆ ರಾಮನವಮಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವದ ಪೆಂಡಾಲ್ ಎದ್ದಿರುತ್ತೆ. 1939ರಿಂದ ಬಂದಿರುವ ಪರಂಪರೆ ಅದು. ಅದನ್ನು ಬಿಟ್ಟು ನಮ್ಮ ಹತ್ತಿರ ಯಾರು ಬರುತ್ತಾರೆ? ನಾನೂ ಅಲ್ಲಿಗೇ ಹೋಗುತ್ತೇನೆ. ಕೋಸಂಬರಿ ಚೆನ್ನಾಗಿರುತ್ತೆ.

ಮೊನ್ನೆಯ ಸಭೆಗೆ ಒಬ್ಬರು ಭಾರೀ ಪ್ರಸ್ತಾಪದೊಂದಿಗೆ ಬಂದರು. ಹತ್ತು ಲಕ್ಷದ ದತ್ತಿ! ಅಧ್ಯಕ್ಷರು ಎದ್ದು ನಿಂತು ಅವರಿಗೆ ತಮ್ಮ ಕುರ್ಚಿ ಕೊಟ್ಟರು. ಷರತ್ತು ಒಂದೇ, ಮೊದಲ ಕಚೇರಿ ಅವರ ಮೊಮ್ಮಗಳದ್ದೇ ಆಗಬೇಕು. ಮಗು ಎಲ್ಲಿ ಪಾಠಕ್ಕೆ ಹೋಗ್ತಿದೆ ಅಂತ ಕೇಳಿದೆವು. “ಇನ್ನೂ ಇಲ್ಲ. ಈಗ ಮೂರು ವರ್ಷ.”

“ಅಲ್ಲೀವರೆಗೆ ಬಡ್ಡಿ ಬೆಳೀಲಿ ಬಿಡಿ” ಅಂತ ಖಜಾಂಚಿಗಳು ಹಿರಿಹಿರಿ ಹಿಗ್ಗಿದರು. ಯಾವುದಕ್ಕೂ ಇರಲಿ ಅಂತ ಆಡಿಟರಿಗೆ ಫೋನ್ ಮಾಡಿದೆವು. ಕಾರಣ ಕೊಟ್ಟು ಕೂಡಿಡಬಹುದು, ಆದರೆ ಐದೇ ವರ್ಷ ಅಂದರು ಅವರು. “ಮಗು ಎಂಟನೇ ವಯಸ್ಸಿಗೆ ಕಚೇರಿ ಕೊಡುತ್ತಾ, ಕೇಳಿ ನೋಡಿ.”

ಕಾಫಿ ಇನ್ನೂ ಬಂದಿರಲಿಲ್ಲ. ಆದರೂ ಪಿಟೀಲು ಮೇಷ್ಟ್ರು ಕಣ್ಣು ಬಿಟ್ಟರು.

“ಮಗುಗೆ ಶ್ರುತಿ ನಿಲ್ಲುತ್ತಾ?”

ಆ ವಿಷಯ ಅಜೆಂಡಾದಲ್ಲಿಲ್ಲ ಅಂದರು ಕಾರ್ಯದರ್ಶಿಗಳು.